ಮೂರನೇ ಅಧ್ಯಾಯ ಯಾಕೆ ಮುಗಿಯುವುದಿಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಗೋಡೆಗೆ ಒಂದು ಕಬ್ಬಿಣದ ರ್ಯಾಕ್. ಆ ರ್ಯಾಕಿನ ಕೆಳಗಿನ ಸಾಲಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಫೈಲುಗಳು ಒತ್ತೊತ್ತಾಗಿ ನಿಂತಿವೆ. ಎಲ್ಲವೂ ಪಿಎಚ್‌ಡಿ ಪ್ರಬಂಧಗಳೇ. ಎಲ್ಲವೂ ಅರ್ಧ. ಪ್ರಸ್ತಾವನೆ ಟೈಪ್ ಆಗಿದೆ, ಎರಡನೇ ಅಧ್ಯಾಯ ಟೈಪ್ ಆಗಿದೆ, ಆಮೇಲೆ ಬರೆದವರು ಈ ಕಡೆ ಬಂದಿಲ್ಲ. ಕೆಲವು ಫೈಲುಗಳ ರಬ್ಬರ್ ಬ್ಯಾಂಡ್ ಬಿಸಿಲಿಗೆ ಕರಗಿ ಕಾಗದಕ್ಕೇ ಅಂಟಿಕೊಂಡಿದೆ.

"ಇವ್ರು ಯಾರೂ ವಾಪಸ್ ಬರಂಗಿಲ್ಲೇನ್ರಿ ಕಾಕಾ?" ಅಂತ ಕೇಳಿದೆ.

"ಊರಾಗೇ ಇರ್ತಾರ್ರಿ. ನನ್ನ ನೋಡಿದ್ರ ರೋಡ್ ದಾಟಿ ಆ ಕಡಿ ಹೋಗ್ತಾರ. ನಾ ಏನ್ ರೊಕ್ಕ ಕೇಳ್ಲತೀನಾ? ಮೂರನೇ ಅಧ್ಯಾಯ ಎಲ್ಲದ ಅಂತ ಕೇಳ್ತೀನಿ ಅಂತ ಅಂಜಿಕಿ," ಅಂದರು.

ನನಗೆ ನಗು ಬರಲಿಲ್ಲ. ನನ್ನ ಫೈಲೂ ಒಂದು ಕಾಲಕ್ಕೆ ಇಂಥದ್ದೇ ಒಂದು ರ್ಯಾಕಿನಲ್ಲಿ ಹದಿನಾಲ್ಕು ತಿಂಗಳು ಕೂತಿತ್ತು.

ಸಂಶೋಧನೆ ಮಾಡುವವರು ಬರೆಯುವುದನ್ನು ನಾಳೆಗೆ ಹಾಕುವುದು ಹಳೇ ಕಥೆ. ಆದರೆ ಈಗ ಹಾಗೆ ನಾಳೆ ನಾಳೆ ಅನ್ನುವುದು ದುಬಾರಿಯಾಗಿದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್‌ಡಿ ನಿಯಮದಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಕಡಿಮೆ ಎಂದರೆ 3 ವರ್ಷ, ಹೆಚ್ಚೆಂದರೆ 6 ವರ್ಷ. ಮರು ನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ, ಶೇಕಡ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆ 2 ವರ್ಷ. ಅಲ್ಲಿಗೆ ಮುಗೀತು. ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಅದರ ಮೇಲಿನ ಹಂತವಾದ ಎಸ್‌ಆರ್‌ಎಫ್ ಆದರೆ 42,000. ಅದೂ ಒಟ್ಟು ಐದೇ ವರ್ಷ. ಅಂದರೆ ನೋಂದಣಿಯ ಅವಧಿ ಮುಗಿಯುವ ಮೊದಲೇ ರೊಕ್ಕ ನಿಲ್ಲುತ್ತದೆ.

ಇನ್ನೊಂದು ಕಡೆ ನಮ್ಮ ಭಾಗದಲ್ಲಿ ಸಂಶೋಧನೆಯ ಬಾಗಿಲುಗಳು ಹೆಚ್ಚಾಗಿವೆ. 1970ರಲ್ಲಿ ಇಲ್ಲಿ ಇದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಒಂದು ಸ್ನಾತಕೋತ್ತರ ಕೇಂದ್ರ ಮಾತ್ರ. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಅದು ಈಗ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಆಮೇಲೆ ಕಲಬುರಗಿ ನಗರದಲ್ಲಿ ಎರಡು ಖಾಸಗಿ ವಿಶ್ವವಿದ್ಯಾಲಯ, 2023ರಲ್ಲಿ ಬೀದರ್ ವಿಶ್ವವಿದ್ಯಾಲಯ. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಮಾಡಿದವರೇ ಈಗ ಪಿಎಚ್‌ಡಿಗೆ ಸೇರುತ್ತಿದ್ದಾರೆ. ಇದು ಖುಷಿಯ ವಿಷಯ. ಸೇರುವುದಕ್ಕೆ ಜಾಗ ಹೆಚ್ಚಾಯಿತು, ಬರೆಯುವುದನ್ನು ಕಲಿಸುವ ಜಾಗ ಮಾತ್ರ ಅಷ್ಟಾಗಿ ಕಾಣುತ್ತಿಲ್ಲ. ಪಿಎಚ್‌ಡಿಯ ಶುರುವಿನ ಪಾಠಗಳಾದ ಕೋರ್ಸ್‌ವರ್ಕ್‌ನಲ್ಲಿ ಸಂಶೋಧನಾ ವಿಧಾನ ಹೇಳಿಕೊಡುತ್ತಾರೆ, ಬೇರೆಯವರ ಬರಹ ಕದಿಯಬಾರದು ಅಂತ ಹೇಳಿಕೊಡುತ್ತಾರೆ. ಒಂದು ಪ್ಯಾರಾ ಹೇಗೆ ಶುರು ಮಾಡಬೇಕು ಅಂತ ನನಗಂತೂ ಯಾರೂ ಹೇಳಿಕೊಡಲಿಲ್ಲ.

ಸೋಮಾರಿತನ ಅನ್ನುವ ಸುಲಭದ ಉತ್ತರ

ಬರೆಯದವರನ್ನು ನೋಡಿ ನಾವು ಮೊದಲು ಹೇಳುವ ಮಾತು "ಮೈಗಳ್ಳ". ನನಗೆ ಗೊತ್ತಿರುವ ಒಬ್ಬ ಮೈಗಳ್ಳನ ದಿನಚರಿ ಕೇಳಿ. ಬೆಳಿಗ್ಗೆ ಐದೂವರೆಗೆ ಏಳುತ್ತಾನೆ. ಏಳರ ಬಸ್ಸಿಗೆ ತಾಲ್ಲೂಕಿನ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಹೋಗುತ್ತಾನೆ. ಮೂರು ಕ್ಲಾಸು. ಮಧ್ಯಾಹ್ನ ವಾಪಸ್ ಬಂದು ಸಂಜೆ ಒಂದು ಕೋಚಿಂಗ್ ಸೆಂಟರಿನಲ್ಲಿ ಪಾಠ. ಡಿಸೆಂಬರ್ ಜನವರಿಯಲ್ಲಿ ಊರಲ್ಲಿ ತೊಗರಿ ರಾಶಿ ಇದ್ದಾಗ ಶನಿವಾರ ಭಾನುವಾರ ಹೊಲದಲ್ಲಿರುತ್ತಾನೆ. ಇವನನ್ನು ಸೋಮಾರಿ ಅನ್ನುವುದಕ್ಕೆ ಬಾಯಿ ಬರುವುದಿಲ್ಲ, ಅಲ್ವಾ? ಅವನು ಬೇರೆ ಎಲ್ಲಾ ಕೆಲಸ ಮಾಡುತ್ತಾನೆ. ಈ ಒಂದು ಕೆಲಸ ಮಾತ್ರ ಮಾಡುವುದಿಲ್ಲ.

ಇದರಲ್ಲೇ ಸುಳಿವಿದೆ. 1984ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲಾರಾ ಸೋಲೊಮನ್ ಮತ್ತು ಎಸ್ತರ್ ರಾತ್‌ಬ್ಲಮ್ 342 ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು: ಯಾವ ಕೆಲಸವನ್ನು ನೀವು ಹೆಚ್ಚುಕಡಿಮೆ ಯಾವಾಗಲೂ ಮುಂದಕ್ಕೆ ಹಾಕುತ್ತೀರಿ? ಪರೀಕ್ಷೆಗೆ ಓದುವುದನ್ನು ಅಂದವರು ಶೇಕಡ 28ರ ಆಸುಪಾಸು. ಪ್ರಬಂಧ ಬರೆಯುವುದನ್ನು ಅಂದವರು ಶೇಕಡ 46. ಅದೇ ಹುಡುಗರು, ಅದೇ ಕಾಲೇಜು. ಸೋಮಾರಿತನ ಕಾರಣವಾಗಿದ್ದರೆ ಎರಡೂ ಒಂದೇ ಸಮ ಇರಬೇಕಿತ್ತು.

ಪರೀಕ್ಷೆಗೆ ಒಂದು ತಾರೀಖು ಇರುತ್ತದೆ. ಪ್ರಶ್ನೆಯನ್ನು ಬೇರೆ ಯಾರೋ ಕೊಟ್ಟಿರುತ್ತಾರೆ. ಮೂರು ತಾಸಿಗೆ ಗಂಟೆ ಹೊಡೆದರೆ ಪೇಪರ್ ಕಸಿದುಕೊಳ್ಳುತ್ತಾರೆ, ಉತ್ತರ ಹೇಗಿದ್ದರೂ ಸರಿ. ಪ್ರಬಂಧಕ್ಕೆ ಇದ್ಯಾವುದೂ ಇಲ್ಲ. ಪ್ರಶ್ನೆಯನ್ನು ನೀವೇ ಹುಟ್ಟಿಸಬೇಕು. ಎಷ್ಟು ಬರೆದರೆ ಸಾಕು ಅಂತ ನೀವೇ ತೀರ್ಮಾನಿಸಬೇಕು. ಎಲ್ಲಾ ಆದ ಮೇಲೆ ಅದನ್ನು ನಿಮಗಿಂತ ಜಾಸ್ತಿ ತಿಳಿದವರ ಮುಂದೆ ಇಡಬೇಕು. ಅವರು ಕೆಂಪು ಪೆನ್ನು ತೆಗೆಯುತ್ತಾರೆ.

2013ರಲ್ಲಿ ಫ್ಯೂಷಾ ಸಿರ್ವಾ ಮತ್ತು ಟಿಮೊಥಿ ಪಿಚಿಲ್ ಎಂಬ ಸಂಶೋಧಕರು ಇದನ್ನು ನೇರವಾಗಿ ಹೇಳಿದರು. ಮುಂದೂಡುವುದು ಸಮಯದ ಲೆಕ್ಕ ತಪ್ಪುವ ಸಮಸ್ಯೆಗಿಂತ ಮನಸ್ಸಿನ ಕಸಿವಿಸಿಯಿಂದ ತಪ್ಪಿಸಿಕೊಳ್ಳುವ ದಾರಿ. ಫೈಲ್ ತೆರೆದರೆ ಹೊಟ್ಟೆಯಲ್ಲಿ ಏನೋ ತಳಮಳ. ಮುಚ್ಚಿದರೆ ತಕ್ಷಣ ಹಾಯೆನಿಸುತ್ತದೆ. ಹಾಯೆನಿಸಿದ್ದನ್ನು ಮನಸ್ಸು ನೆನಪಿಟ್ಟುಕೊಂಡು ಮರುದಿನವೂ ಅದನ್ನೇ ಮಾಡಿಸುತ್ತದೆ. ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದರೆ ಇದು ಹೋಗುವುದಿಲ್ಲ. ನಾನು ಅಂಟಿಸಿದ್ದೇನೆ. ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ. ಬಹಳ ಚಂದ ಇತ್ತು.

ಹಾಗಾದರೆ ಕಸಿವಿಸಿ ಯಾವುದರದ್ದು? ನನ್ನ ಮಟ್ಟಿಗೆ ಉತ್ತರ ಒಂದೇ. ಬರೆಯುವುದಕ್ಕಿಂತ, ಬರೆದದ್ದನ್ನು ಓದುವವರ ಭಯ ಅದು. ಡಿಟಿಪಿ ಕಾಕಾ ಹೇಳಿದ್ದೂ ಅದನ್ನೇ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನಾಲ್ಕನೇ ವರ್ಷ. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ದೂರದಲ್ಲಿ ನನ್ನ ಗೈಡ್, ಅಂದರೆ ನನ್ನ ಸಂಶೋಧನೆಯ ಮಾರ್ಗದರ್ಶಕರು, ಕಂಡರು. ಕೈಯಲ್ಲಿ ಚೀಲ ಹಿಡಿದು ನನ್ನ ಕಡೆಗೇ ಬರುತ್ತಿದ್ದರು. ನಾನು ಕಬ್ಬಿನ ಹಾಲಿನ ಗಾಡಿಯ ಹಿಂದೆ ಸರಿದು, ಬಗ್ಗಿ, ಚಪ್ಪಲಿ ಸರಿ ಮಾಡಿಕೊಳ್ಳುವಂತೆ ನಟಿಸಿದೆ. ಮೂವತ್ತೊಂದು ವರ್ಷದವನು, ಮದುವೆಯಾದವನು. ಅವರು ಬಂದು ಗಾಡಿಯವನ ಹತ್ತಿರ ಒಂದು ಗ್ಲಾಸು ಕೇಳಿದರು. ಆಮೇಲೆ ಮೆಲ್ಲಗೆ, "ಅವಂಗೂ ಒಂದ್ ಕೊಡು," ಅಂದರು. ಅಧ್ಯಾಯದ ವಿಷಯ ಎತ್ತಲೇ ಇಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಆ ರಾತ್ರಿಯೆಲ್ಲಾ ಅನಿಸಿತು. ಒಂಬತ್ತು ತಿಂಗಳು ನಾನು ತಪ್ಪಿಸಿಕೊಂಡು ತಿರುಗಿದ್ದು ಈ ಮನುಷ್ಯನಿಂದಲ್ಲ, ನನ್ನ ತಲೆಯೊಳಗೆ ಕೂತಿದ್ದ ಇನ್ಯಾರೋ ಒಬ್ಬರಿಂದ.

ಖಾಲಿ ದಿನ ಎಂಬ ಆಸೆ

ಎರಡನೇ ಕಾರಣ ನಮ್ಮ ಕ್ಯಾಲೆಂಡರ್. "ತೊಗರಿ ರಾಶಿ ಮುಗೀಲಿ, ಕುಂತು ಬರೀತೀನಿ." ರಾಶಿ ಮುಗಿಯುವ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆ, ಮೌಲ್ಯಮಾಪನ. ಅದಾದ ಮೇಲೆ ಹೋಳಿ, ಹಿಂದೆಯೇ ಶರಣಬಸವೇಶ್ವರರ ಜಾತ್ರೆ, ಊರಿಂದ ಬೀಗರು ಬರುತ್ತಾರೆ. "ಬ್ಯಾಸಗಿ ಸೂಟಿ ಬರ್ಲಿ." ಸೂಟಿ ಬರುತ್ತದೆ, ಜೊತೆಗೆ 42, 43 ಡಿಗ್ರಿ ಬಿಸಿಲೂ ಬರುತ್ತದೆ. ತಗಡಿನ ಮನೆಯಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಬರೆಯುವುದಿರಲಿ, ಉಸಿರಾಡುವುದೇ ಕೆಲಸ. ಜೊತೆಗೆ ಮದುವೆ ಸೀಸನ್. ಜೂನ್‌ನಲ್ಲಿ ಬಿತ್ತನೆ, ಆಮೇಲೆ ಅತಿಥಿ ಉಪನ್ಯಾಸಕರ ಅರ್ಜಿ, ಕೌನ್ಸೆಲಿಂಗ್, ಯಾವ ಕಾಲೇಜು ಸಿಗುತ್ತದೋ ಎಂಬ ಚಿಂತೆ.

ಇದರಲ್ಲಿ ಒಂದೂ ಸುಳ್ಳು ನೆಪ ಅಲ್ಲ. ತೊಂದರೆ ಇರುವುದು ಬೇರೆ ಕಡೆ. ಇವೆಲ್ಲಾ ಮುಗಿದ ಮೇಲೆ ಒಂದು ಖಾಲಿ ತಿಂಗಳು ಬರುತ್ತದೆ, ಆಗ ಕೂತು ಒಂದೇ ಉಸಿರಿಗೆ ಬರೆದು ಮುಗಿಸುತ್ತೇನೆ ಅನ್ನುವ ನಂಬಿಕೆ ಇದೆಯಲ್ಲ, ಅದೇ ಮೋಸ. ಕೆನಡಾದಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನೋಡಿ. ಪ್ರಬಂಧದ ಕೊನೆಯ ಹಂತದಲ್ಲಿದ್ದ ವಿದ್ಯಾರ್ಥಿಗಳಿಗೆ ಇನ್ನೆಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಎಲ್ಲವೂ ಕೆಟ್ಟರೆ ಎಷ್ಟು ದಿನ ಅಂತ ಕೇಳಿದಾಗ 49 ಅಂದರು. ನಿಜವಾಗಿ ಹಿಡಿದದ್ದು 55 ದಿನದ ಮೇಲೆ. ಅವರು ಊಹಿಸಿದ ಅತಿ ಕೆಟ್ಟ ಲೆಕ್ಕಕ್ಕಿಂತ ನಿಜ ಇನ್ನೂ ನಿಧಾನ! ಅವರಿಗೆ ತೊಗರಿ ರಾಶಿಯೂ ಇರಲಿಲ್ಲ.

ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು ಅನ್ನುವ ನಿಯಮ ಇದೆ. ಕಾಗದದ ಮೇಲೆ ಅದು ಗಡುವು. ಆದರೆ ಆರು ತಿಂಗಳು ಎಂದರೆ ಸುಮಾರು 180 ದಿನ. ಅದರಲ್ಲಿ ಮೊದಲ 170 ದಿನ ಯಾರೂ ಏನೂ ಕೇಳುವುದಿಲ್ಲ. ಕೊನೆಯ ಹತ್ತು ದಿನದಲ್ಲಿ ಎಲ್ಲರೂ ಒಂದು ವರದಿ ತಯಾರಿಸುತ್ತಾರೆ. "ಸಾಹಿತ್ಯ ಸಮೀಕ್ಷೆಯು ಪ್ರಗತಿಯಲ್ಲಿದೆ." ಈ ವಾಕ್ಯವನ್ನು ನಾನು ಸತತ ನಾಲ್ಕು ವರದಿಗಳಲ್ಲಿ ಬರೆದಿದ್ದೇನೆ. ತಾರೀಖು ಮಾತ್ರ ಬದಲಿಸುತ್ತಿದ್ದೆ. ಒಮ್ಮೆ ಅದನ್ನೂ ಮರೆತಿದ್ದೆ.

ಗೈಡ್‌ಗಳ ಮೇಲೆ ಪೂರ್ತಿ ತಪ್ಪು ಹಾಕುವುದಕ್ಕೂ ಆಗುವುದಿಲ್ಲ. ನಿಯಮದಂತೆ ಒಬ್ಬ ಪ್ರೊಫೆಸರ್ ಕೈಕೆಳಗೆ 8 ಜನ, ಅಸೋಸಿಯೇಟ್ ಪ್ರೊಫೆಸರ್ ಕೈಕೆಳಗೆ 6, ಅಸಿಸ್ಟೆಂಟ್ ಪ್ರೊಫೆಸರ್ ಕೈಕೆಳಗೆ 4 ಜನ ಇರಬಹುದು. ಪಾಠ, ಸಭೆ, ಪರೀಕ್ಷೆ ಕೆಲಸದ ನಡುವೆ ಎಂಟು ಜನರ ಕರಡು ಓದಬೇಕು. ಹಾಗಾಗಿ ಅವರು ಹೇಳುವ ಮಾತು, "ಪೂರಾ ಅಧ್ಯಾಯ ತಗೊಂಡು ಬಾ, ಒಮ್ಮೆಗೇ ನೋಡ್ತೀನಿ." ಸಮಯ ಉಳಿಸಲು ಹೇಳಿದ ಮಾತು ಇದು. ಆದರೆ ಕೇಳಿದವನಿಗೆ ಅರವತ್ತು ಪುಟ ಮುಗಿಯುವವರೆಗೆ ಗೈಡ್ ಮುಖ ನೋಡಬಾರದು ಎಂಬ ಅಪ್ಪಣೆಯಂತೆ ಕೇಳಿಸುತ್ತದೆ. "ಇದ್ದದ್ದು ಎರಡೇ ಪುಟ ಆಗ್ಲಿ, ಸೋಮವಾರ ತಗೊಂಡ್ ಬಾ" ಅನ್ನುವ ಗೈಡ್ ಸಿಕ್ಕವರು ಪುಣ್ಯವಂತರು. ಎರಡು ಪುಟ ಓದಲು ಹತ್ತು ನಿಮಿಷ ಸಾಕು. ಅರವತ್ತು ಪುಟ ತಿದ್ದುವುದಕ್ಕಿಂತ ಅದು ಗೈಡ್‌ಗೂ ಹಗುರ.

ಬಾಯಿಗೆ ಬರುವುದು, ಕೈಗೆ ಬಾರದ್ದು

ಈಗ ನಮ್ಮ ಕಡೆಯವರಿಗೆ ಮಾತ್ರ ಚೆನ್ನಾಗಿ ಗೊತ್ತಿರುವ ಒಂದು ಕಾರಣಕ್ಕೆ ಬರುತ್ತೇನೆ. ಅಮೆರಿಕ ಕೆನಡಾದ ಅಧ್ಯಯನಗಳಲ್ಲಿ ಇದು ಸಿಗುವುದಿಲ್ಲ.

ಬೀದರ್‌ನಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ಒಬ್ಬ ಹುಡುಗಿ ನನಗೆ ಪರಿಚಯ. ಬಹಮನಿ ಕಾಲದ ನೀರಿನ ವ್ಯವಸ್ಥೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ನೌಬಾದ್‌ನ ಸುರಂಗ ಬಾವಿ, ಅಂದರೆ ಕರೇಜ್, ಅವಳ ಮೂರನೇ ಅಧ್ಯಾಯ. ಪರ್ಶಿಯಾದಿಂದ ಬಂದ ತಂತ್ರ ಅದು. ನೆಲದೊಳಗೆ ಕಾಲುವೆ ಕೊರೆದು ಇಳಿಜಾರಿನಲ್ಲಿ ತಾನಾಗೇ ನೀರು ಹರಿಯುವಂತೆ ಮಾಡುವುದು. ವಿಷಯ ಚಿನ್ನದಂಥದ್ದು. ಅವಳು ಮಾತಾಡಲು ಕೂತರೆ ಚಹಾ ಆರಿ ಹೋಗುತ್ತದೆ. ಬರೆಯಲು ಕೂತರೆ? ಹನ್ನೊಂದು ತಿಂಗಳಿಂದ ಮೂರನೇ ಅಧ್ಯಾಯದ ಮೊದಲ ಪುಟದಲ್ಲೇ ಇದ್ದಳು.

ಆ ಪುಟ ತೋರಿಸು ಅಂದೆ. ಮೊದಲ ವಾಕ್ಯ ಹೀಗಿತ್ತು: "ಪ್ರಸ್ತುತ ಅಧ್ಯಾಯದಲ್ಲಿ ಬಹಮನಿ ಕಾಲಘಟ್ಟದ ಜಲ ನಿರ್ವಹಣಾ ವ್ಯವಸ್ಥೆಯ ವಿವಿಧ ಆಯಾಮಗಳನ್ನು ಬಹುಮುಖಿ ನೆಲೆಗಳಲ್ಲಿ ಪರಾಮರ್ಶಿಸಲು ಪ್ರಯತ್ನಿಸಲಾಗಿದೆ."

"ಇದ ಬರಿಲಿಕ್ಕೆ ನಾಕ್ ದಿನ ಹಿಡೀತ್ರಿ ಸರ್," ಅಂದಳು.

"ಇದ್ರ ಅರ್ಥ ಏನ್ ತಂಗಿ?"

ನಕ್ಕಳು. "ಏನೂ ಇಲ್ರಿ."

"ಹಂಗಾದ್ರ ಆ ಬಾವಿ ಏನ್ ಅಂತ ನನಗ ಹೇಳು."

"ನೆಲದ ಮ್ಯಾಲ ಸಾಲಕ್ಕ ಬಾವಿ ಕಾಣ್ತಾವಲ್ರಿ, ಎಲ್ರೂ ಅವನ್ನ ಬ್ಯಾರೆ ಬ್ಯಾರೆ ಬಾವಿ ಅಂತ ತಿಳ್ಕೊಂಡಾರ. ಅವು ಬ್ಯಾರೆ ಅಲ್ರಿ, ಎಲ್ಲಾ ಒಂದೇ. ಕೆಳಗ ಕಾಲುವಿ ಅದ. ಅಗೆಯೋವಾಗ ಮಣ್ಣು ಮ್ಯಾಲ ತೆಗಿಲಿಕ್ಕೆ ಕಂಡಿ ಮಾಡ್ಯಾರ. ಆಮ್ಯಾಲ ಅದೇ ಕಂಡಿಯಿಂದ ಒಳಗ ಗಾಳಿ ಹೋಗ್ತದ, ಜನ ನೀರೂ ಸೇದ್ಕೋತಾರ."

ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅಲ್ಲೇ ಕೂತು ಇಬ್ಬರೂ ಅದನ್ನು ಪುಸ್ತಕದ ಕನ್ನಡಕ್ಕೆ ತಂದೆವು: "ನೌಬಾದ್‌ನಲ್ಲಿ ನೆಲದ ಮೇಲೆ ಸಾಲಾಗಿ ಕಾಣುವ ಬಾವಿಗಳು ಬೇರೆ ಬೇರೆ ಬಾವಿಗಳಲ್ಲ. ಅವೆಲ್ಲವೂ ಕೆಳಗಿನ ಒಂದೇ ಕಾಲುವೆಯ ಕಿಂಡಿಗಳು. ಸುರಂಗ ಅಗೆಯುವಾಗ ಮಣ್ಣು ಹೊರಹಾಕಲು ಮಾಡಿದ ಈ ಕಿಂಡಿಗಳು ಮುಂದೆ ಗಾಳಿಗೂ ನೀರು ಸೇದಲೂ ಬಳಕೆಯಾದವು." ಹಿಡಿದದ್ದು ಇಪ್ಪತ್ತು ನಿಮಿಷ. ಯಾವ ಗೈಡ್ ಇದನ್ನು ಬೇಡ ಅನ್ನುತ್ತಾರೆ?

ಕಲಬುರಗಿ, ಬೀದರ್, ಯಾದಗಿರಿಯ ಹುಡುಗ ಹುಡುಗಿಯರ ತಲೆಯಲ್ಲಿ ಮೂರು ನಾಲ್ಕು ಭಾಷೆ ಓಡಾಡುತ್ತಿರುತ್ತವೆ. ಮನೆಯ ಕನ್ನಡ, ಅದರೊಳಗೆ ಬೆರೆತ ಉರ್ದು, ಗಡಿಯ ಮರಾಠಿ ತೆಲುಗು, ಪುಸ್ತಕದ ಕನ್ನಡ, ಮೇಲೆ ಇಂಗ್ಲಿಷ್. ಯೋಚನೆ ಹುಟ್ಟುವುದು ಮನೆಯ ಮಾತಿನಲ್ಲಿ. ಆ ಮಾತನ್ನು ಚಿಕ್ಕಂದಿನಿಂದ ಶಾಲೆಯಲ್ಲಿ ತಿದ್ದಿದ್ದಾರೆ, ಸಿನಿಮಾದಲ್ಲಿ ನಗೆಪಾಟಲು ಮಾಡಿದ್ದಾರೆ. ಹಾಗಾಗಿ ಅದರಲ್ಲಿ ಹುಟ್ಟಿದ ಯೋಚನೆಯೂ ಕೀಳು ಅಂತ ಒಳಗೊಳಗೇ ಅನಿಸುತ್ತದೆ. ಅದನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿ, "ಆಯಾಮ", "ಪರಾಮರ್ಶೆ", "ಬಹುಮುಖಿ" ಎಂಬ ಅಂಗಿ ತೊಡಿಸಿ ಒಳಗೆ ಬಿಡುತ್ತೇವೆ. ಅಂಗಿ ಹೊಲಿಯುವುದರಲ್ಲೇ ವರ್ಷ ಕಳೆಯುತ್ತದೆ. ವಿಜ್ಞಾನದವರಿಗೆ, ಕಾಮರ್ಸ್‌ನವರಿಗೆ ಇದೇ ಕಷ್ಟ ಇಂಗ್ಲಿಷಿನಲ್ಲಿ ಎರಡು ಪಟ್ಟು.

ಅದಕ್ಕೆ ಮೊದಲ ಕರಡನ್ನು ನಿಮ್ಮ ಬಾಯಿಮಾತಿನಲ್ಲೇ ಬರೆಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. "ಅದ" ಅಂತಲೇ ಬರೆಯಿರಿ, "ಮಾಡ್ಯಾರ" ಅಂತಲೇ ಬರೆಯಿರಿ. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವವರೂ ಮೊದಲು ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಿಕೊಂಡು ಆಮೇಲೆ ಇಂಗ್ಲಿಷಿಗೆ ಹೋಗಬಹುದು. ಅದನ್ನು ಯಾರಿಗೂ ತೋರಿಸಬೇಕಿಲ್ಲ. ಫೋನಿನಲ್ಲಿ ಕನ್ನಡದ ವಾಯ್ಸ್ ಟೈಪಿಂಗ್ ಇದೆ, ತಪ್ಪು ಮಾಡುತ್ತದೆ, ಮಾಡಲಿ. ಖಾಲಿ ಪುಟಕ್ಕಿಂತ ತಪ್ಪಿನ ಪುಟ ತಿದ್ದುವುದು ಸುಲಭ.

ಇಲ್ಲೊಂದು ಅಡ್ಡಮಾತು. ಕನ್ನಡದಲ್ಲಿ ಪ್ರಬಂಧ ಬರೆಯುವ ಬಹಳ ಜನ ಇವತ್ತಿಗೂ ಕೈಯಲ್ಲಿ ಬರೆದು ಡಿಟಿಪಿಗೆ ಕೊಡುತ್ತಾರೆ. ಅಲ್ಲಿ ಅದು ಎಷ್ಟೋ ಸಲ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗುತ್ತದೆ. ಆ ಫೈಲನ್ನು ಫೋನಿನಲ್ಲಿ ತೆರೆದರೆ ಅಕ್ಷರದ ಬದಲು ಏನೇನೋ ಚಿಹ್ನೆ ಕಾಣುತ್ತವೆ. ಬಸ್ಸಿನಲ್ಲಿ ಕೂತು ಒಂದು ಸಾಲು ತಿದ್ದುವ ಹಾಗಿಲ್ಲ. ಅಂದರೆ ಹಾಳೆ ಅಂಗಡಿಗೆ ಹೋದ ಮೇಲೆ ಹದಿನೈದು ದಿನ ಪ್ರಬಂಧ ನಿಮ್ಮ ಕೈಯಲ್ಲಿ ಇರುವುದಿಲ್ಲ. "ಟೈಪಿಂಗ್‌ಗೆ ಕೊಟ್ಟೀನ್ರಿ ಸರ್" ಅನ್ನುವುದು ನಮ್ಮ ಕಡೆಯ ಅತಿ ಗೌರವದ ನೆಪ, ಯಾರೂ ಎದುರು ಮಾತಾಡುವುದಿಲ್ಲ. ಫೋನಿನಲ್ಲೂ ಅಕ್ಷರ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲಿ ನೀವೇ ಟೈಪ್ ಮಾಡಲು ಕಲಿತರೆ ಈ ನೆಪ ಸಾಯುತ್ತದೆ. ಎರಡು ವಾರ ಬೆರಳು ತಡವರಿಸುತ್ತವೆ, ಅಷ್ಟೇ.

ಏನು ಕೆಲಸ ಮಾಡುತ್ತದೆ

ರಾಬರ್ಟ್ ಬಾಯ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ 1983ರಲ್ಲಿ 27 ಪ್ರಾಧ್ಯಾಪಕರ ಮೇಲೆ ಒಂದು ಮಜವಾದ ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿಗೆ ತುರ್ತು ಇಲ್ಲದಿದ್ದರೆ ಬರೆಯಲೇಬೇಡಿ ಅಂದರು. ಇನ್ನೊಂದು ಗುಂಪಿಗೆ ಮನಸ್ಸು ಬಂದಾಗ ಬರೆಯಿರಿ ಅಂದರು. ಮೂರನೆಯವರು ನಿಗದಿತ ಹೊತ್ತಿಗೆ ಕೂತು ಬರೆಯಲೇಬೇಕು, ತಪ್ಪಿದರೆ ತಮಗೆ ಸಿಟ್ಟು ಬರುವ ಒಂದು ಸಂಸ್ಥೆಗೆ ತಮ್ಮ ಜೇಬಿನಿಂದ ದೇಣಿಗೆ ಹೋಗುತ್ತದೆ. ಮನಸ್ಸು ಬಂದಾಗ ಬರೆದವರದ್ದು ದಿನಕ್ಕೆ ಒಂದು ಪುಟವೂ ಆಗಲಿಲ್ಲ. ಬಲವಂತಕ್ಕೆ ಬರೆದವರದ್ದು ಮೂರು ಪುಟ ದಾಟಿತು. ಇಷ್ಟು ಯಾರಾದರೂ ಊಹಿಸಬಹುದು. ಬೆರಗಿನ ಮಾತು ಇನ್ನೊಂದು: ಹೊಸ ಯೋಚನೆಗಳೂ ಈ ಬಲವಂತದ ಗುಂಪಿಗೇ ಜಾಸ್ತಿ ಹೊಳೆದವು. "ಮೂಡ್ ಬರ್ಬೇಕ್ರಿ" ಅನ್ನುವವರು ಇದನ್ನು ಎರಡು ಸಲ ಓದಬೇಕು.

ಜಾಗ ಮತ್ತು ಹೊತ್ತು ಮೊದಲೇ ಹೇಳಿಡುವುದೂ ಕೆಲಸ ಮಾಡುತ್ತದೆ. ಜರ್ಮನಿಯಲ್ಲಿ ಪೀಟರ್ ಗೋಲ್‌ವಿಟ್ಸರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ಸಣ್ಣ ವರದಿ ಬರೆಯಲು ಹೇಳಿದರು. ಎಲ್ಲಿ ಕೂತು ಯಾವಾಗ ಬರೆಯುತ್ತೇನೆ ಅಂತ ಮೊದಲೇ ಬರೆದುಕೊಟ್ಟವರಲ್ಲಿ ಕೆಲಸ ಮುಗಿಸಿದವರು, ಸುಮ್ನೆ ಹೂಂ ಅಂದವರಿಗಿಂತ ಎರಡು ಪಟ್ಟಿಗೂ ಜಾಸ್ತಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, "ಈ ವಾರ ಬರೀತೀನಿ" ಬೇಡ. "ಭಾನುವಾರ ಮುಂಜಾನೆ ಸೂಸಲಾ ತಿಂದ ಮೇಲೆ, ಅಟ್ಟದ ಕೋಣೆಯಲ್ಲಿ, ಎಂಟರಿಂದ ಒಂಬತ್ತೂವರೆ" ಅನ್ನಿ. ಮೇ ತಿಂಗಳಾದರೆ ಬೆಳಿಗ್ಗೆ ಐದರಿಂದ ಏಳು. ಆಮೇಲೆ ಬಿಸಿಲು ಕೂರಲು ಬಿಡುವುದಿಲ್ಲ.

ಹೆಣ್ಣುಮಕ್ಕಳಿಗೆ ಈ ಸಲಹೆ ಕೊಡುವಾಗ ನನಗೆ ನಾಲಿಗೆ ತಡವರಿಸುತ್ತದೆ. ನಿಯಮ ಅವರಿಗೆ 2 ವರ್ಷ ಹೆಚ್ಚಿಗೆ ಕೊಟ್ಟಿದೆ, 240 ದಿನದವರೆಗೆ ಹೆರಿಗೆ ಮತ್ತು ಮಕ್ಕಳ ಆರೈಕೆ ರಜೆ ಕೊಟ್ಟಿದೆ. ಆದರೆ ಬೆಳಿಗ್ಗೆ ಐದರಿಂದ ಏಳು ರೊಟ್ಟಿ ಬಡಿಯುವ ಹೊತ್ತು. ಆ ಹೊತ್ತನ್ನು ಮನೆಯವರು ಬಿಟ್ಟುಕೊಡಬೇಕೇ ಹೊರತು ಯುಜಿಸಿ ಕೊಡುವುದಕ್ಕೆ ಆಗುವುದಿಲ್ಲ.

ಇನ್ನು ಅಳತೆಗೋಲು. ನಾವು ದೊಡ್ಡ ವಿದ್ವಾಂಸರ ಅಚ್ಚಾದ ಪುಸ್ತಕ ಓದುತ್ತೇವೆ, ಪಕ್ಕದಲ್ಲಿ ನಮ್ಮ ಕರಡು ಇಟ್ಟು ನಾಚುತ್ತೇವೆ. ಅದರ ಬದಲು ಶೋಧಗಂಗಾ ತೆರೆಯಿರಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮದೇ ವಿಭಾಗದ, ನಿಮ್ಮದೇ ವಿಷಯದ ಐದು ಪ್ರಬಂಧ ಓದಿ. ಒಂದು ಬಹಳ ಚೆನ್ನಾಗಿರುತ್ತದೆ. ಉಳಿದ ನಾಲ್ಕು ನಿಮ್ಮದರಂತೆಯೇ ಇರುತ್ತವೆ. ಅವಕ್ಕೂ ಪದವಿ ಸಿಕ್ಕಿದೆ. ನನ್ನದೂ ಆ ನಾಲ್ಕರಲ್ಲಿ ಒಂದು, ಮುಚ್ಚಿಡುವುದೇನಿದೆ.

2022ರ ನವೆಂಬರ್‌ನಲ್ಲೇ ಚಾಟ್‌ಜಿಪಿಟಿಯೂ ಬಂತು. ಹೊಸ ನಿಯಮ ಮತ್ತು ಅದು ಒಂದೇ ತಿಂಗಳು. ಕೆಲವರು ಅದರಿಂದ ಇಡೀ ಅಧ್ಯಾಯ ಬರೆಸುತ್ತಾರೆ, ಅವರ ವಿಷಯ ಬಿಡಿ. ನನಗೆ ಕಾಣುವುದು ಇನ್ನೊಂದು ಬಗೆ. ಪ್ರತಿ ವಾರ ಅದನ್ನು ಒಂದು ಹೊಸ ರೂಪರೇಷೆ ಕೇಳುವವರು. ಏಳು ಅಧ್ಯಾಯ, ಉಪಶೀರ್ಷಿಕೆ, ಎಲ್ಲಾ ಅಚ್ಚುಕಟ್ಟು. ಕೆಲಸ ಆದಂತೆ ಅನಿಸುತ್ತದೆ, ಒಂದು ಸಾಲೂ ಬರೆದಿರುವುದಿಲ್ಲ. ನನ್ನ ನಾಲ್ಕು ಬಣ್ಣದ ಟೈಮ್‌ಟೇಬಲ್ಲಿನ ತಮ್ಮ ಇದು. ಕೊನೆ ಗಳಿಗೆಯಲ್ಲಿ ಕಂಡಲ್ಲಿಂದ ಎತ್ತಿ ತುಂಬುವವರಿಗೆ 2018ರ ಯುಜಿಸಿ ನಿಯಮ ನೆನಪಿರಲಿ. ಬೇರೆಯವರ ಬರಹದ ಜೊತೆ ಹೋಲಿಕೆ ಶೇಕಡ 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು.

ಕೊನೆಯದಾಗಿ ಬೈದುಕೊಳ್ಳುವ ವಿಷಯ. ನಮ್ಮಲ್ಲಿ ತನ್ನನ್ನು ತಾನೇ ಬೈದುಕೊಂಡರೆ ಬುದ್ಧಿ ಬರುತ್ತದೆ ಅನ್ನುವ ನಂಬಿಕೆ ಗಟ್ಟಿ. 2010ರಲ್ಲಿ ಕೆನಡಾದ ಮೈಕಲ್ ವೋಲ್ ಮತ್ತು ಸಂಗಡಿಗರು 119 ವಿದ್ಯಾರ್ಥಿಗಳಲ್ಲಿ ಕಂಡದ್ದು ಇದಕ್ಕೆ ಉಲ್ಟಾ. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿದವರು, ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದುಕೊಂಡಷ್ಟೂ ಫೈಲ್ ನೋಡಿದರೆ ಭಯ ಜಾಸ್ತಿ, ಭಯ ಜಾಸ್ತಿಯಾದಷ್ಟೂ ಫೈಲ್ ದೂರ. ಕಬ್ಬಿನ ಹಾಲಿನ ಗ್ಲಾಸು ಕೊಟ್ಟ ನನ್ನ ಗೈಡ್ ಈ ಅಧ್ಯಯನ ಓದಿದ್ದರೋ ಇಲ್ಲವೋ. ಆ ವಾರವೇ ನಾನು ಅವರ ಮನೆಗೆ ಎಂಟು ಪುಟ ತಗೊಂಡು ಹೋದೆ. ಐದು ಪುಟ ಕೆಂಪಾಗಿ ವಾಪಸ್ ಬಂತು. ಏನೂ ಆಗಲಿಲ್ಲ. ಊಟ ಮಾಡಿಸಿ ಕಳಿಸಿದರು.

ಡಿಟಿಪಿ ಕಾಕಾ ಹತ್ತಾರು ವರ್ಷದಿಂದ ಪ್ರಬಂಧ ಟೈಪ್ ಮಾಡುತ್ತಿದ್ದಾರೆ. ಯಾರು ಮುಗಿಸುತ್ತಾರೆ ಅಂತ ನಿಮಗೆ ಮೊದಲೇ ತಿಳಿಯುತ್ತದಾ ಅಂತ ಕೇಳಿದೆ. "ತಿಳೀತದ್ರಿ. ಚಂದ ಅಕ್ಷರದವ್ರು ಮುಗ್ಸಂಗಿಲ್ಲ. ಕಾಟು ಹೊಡ್ದು, ಬಾಣ ಹಾಕಿ, ಹಿಂದಿನ ಪುಟದಾಗ ನೋಡ್ರಿ ಅಂತ ಬರ್ದಿರ್ತಾರಲ, ಅವ್ರ ಹಾಳಿ ಓದಿ ಕಣ್ಣು ಹೋಗ್ತಾವ. ಅವ್ರೇ ಮುಗಿಸ್ತಾರ."

ಬೀದರ್‌ನ ಹುಡುಗಿ ಈಗ ಪ್ರತಿ ಸೋಮವಾರ ರಾತ್ರಿ ಎರಡು ಪುಟ ಕಳಿಸುತ್ತಾಳೆ. ನಾನು ಇತಿಹಾಸದವನಲ್ಲ, ತಿದ್ದುವುದೂ ಇಲ್ಲ. ಓದಿದೆ ಅಂತ ಒಂದು ಮೆಸೇಜ್ ಹಾಕುತ್ತೇನೆ. ಆರನೇ ಸೋಮವಾರದ ಪುಟದಲ್ಲಿ ಒಂದು ಕಡೆ ಜಾಗ ಖಾಲಿ ಬಿಟ್ಟು ಹಳದಿ ಬಣ್ಣ ಬಳಿದಿದ್ದಳು. ಪಕ್ಕದಲ್ಲಿ "ಎರಡು ಕಿಂಡಿಗಳ ನಡುವಿನ ದೂರ, ಅಳೆಯಬೇಕು" ಅಂತಿತ್ತು.

"ಇಷ್ಟು ದಿನ ಇದು ಅಳೀಬೇಕು ಅಂತ ಹೊಳೆದಿದ್ದಿಲ್ರಿ ಸರ್. ಬರಿಲಿಕ್ಕೆ ಕುಂತಾಗ ಗೊತ್ತಾಯ್ತು. ಐತವಾರ ಟೇಪ್ ಹಿಡ್ಕೊಂಡು ನೌಬಾದಕ್ಕ ಹೊಂಟೀನಿ," ಅಂದಳು.